ಹಾಳೂರಿಗೆ ನಕ್ಷೆ ಬರೆದ ಇಂಜಿನಿಯರ್: ಕಾಲಿನ್ ಮೆಕೆಂಜಿ

ಹಂಪಿಗೆ ಒಂದು ದಿನದ ಟ್ರಿಪ್ ಹೋದವರು ಸಾಮಾನ್ಯವಾಗಿ ವಿರೂಪಾಕ್ಷ ದೇವಸ್ಥಾನ, ವಿಜಯ ವಿಠ್ಠಲ, ಕಮಲ ಮಹಲ್, ಆನೆ ಲಾಯ ಅಂತ ಒಂದೊಂದೇ ನೋಡಿ, ಸಂಜೆ ಹೊತ್ತಿಗೆ ಬಿಸಿಲಿಗೆ ಬಾಡಿ ಹೊಸಪೇಟೆ ಬಸ್ ಹತ್ತುತ್ತಾರೆ. ಕಮಲಾಪುರದ ಪುರಾತತ್ವ ಮ್ಯೂಸಿಯಂ ಒಳಗೆ ಹೋಗುವವರು ಕಡಿಮೆ. ಹೋದವರಿಗೆ ಅಲ್ಲೊಂದು ಲಾಭ ಇದೆ. ಬೆಟ್ಟ, ಹೊಳೆ, ಕೋಟೆ, ಗುಡಿ ಎಲ್ಲ ಸೇರಿಸಿ ಹಂಪಿಯ ಇಡೀ ಪ್ರದೇಶದ ದೊಡ್ಡ ಮಾದರಿಯೊಂದನ್ನು ಅಲ್ಲಿ ಮಾಡಿಟ್ಟಿದ್ದಾರೆ. ಅದರ ಸುತ್ತ ಒಂದು ಸುತ್ತು ಹಾಕಿದರೆ ಬೆಳಗ್ಗೆಯಿಂದ ಬಿಡಿಬಿಡಿಯಾಗಿ ಕಂಡದ್ದೆಲ್ಲ ಒಂದೇ ಊರಾಗಿ ಕೂಡಿಕೊಳ್ಳುತ್ತದೆ. ಅರಮನೆಯ ಜಾಗ ಎಲ್ಲಿ, ವಿರೂಪಾಕ್ಷನ ಗುಡಿ ಎಲ್ಲಿ, ನಡುವೆ ಎಷ್ಟು ಗುಡ್ಡ, ಹೊಳೆ ಎಲ್ಲಿ ತಿರುಗುತ್ತೆ ಅನ್ನೋದು ಆಗ ತಲೆಗೆ ಹತ್ತುತ್ತೆ.

ಹಾಳಾದ ಊರನ್ನು ನೋಡುವವರ ಕಣ್ಣಿಗೆ ಕಟ್ಟಿಕೊಡೋದು ಎಲ್ಲ ಮ್ಯೂಸಿಯಂಗಳಿಗೂ ಇರುವ ತಲೆನೋವು. ಮೆಸೊಪೊಟೇಮಿಯಾದ ಕಥೆ ಇನ್ನೂ ಕಷ್ಟದ್ದು. ಹಂಪಿಯಲ್ಲಾದರೂ ಕಲ್ಲಿನ ಕಂಬ ನಿಂತಿವೆ. ಟೈಗ್ರಿಸ್ ನದಿಯ ದಡದ ನಿನೆವೆ, ನಿಮ್ರುದ್‌ಗಳ ಅರಮನೆಗಳು ಬಹುಪಾಲು ಹಸಿ ಇಟ್ಟಿಗೆಯವು, ಕರಗಿ ಮಣ್ಣುಗುಡ್ಡೆಗಳಾಗಿದ್ದವು. 1840ರ ದಶಕದಲ್ಲಿ ಆಸ್ಟಿನ್ ಹೆನ್ರಿ ಲೇಯಾರ್ಡ್ ಅಲ್ಲಿ ಅಗೆದು, ರೆಕ್ಕೆಯ ಗೂಳಿಗಳನ್ನು ಲಂಡನ್ನಿಗೆ ಸಾಗಿಸಿದರು. ನೋಡಲು ಬಂದ ಜನಕ್ಕೆ ಗೂಳಿ ಕಂಡಿತು, ಅದು ನಿಂತಿದ್ದ ಬಾಗಿಲು ಕಾಣಲಿಲ್ಲ. ಆ ಕೊರತೆ ತುಂಬಿದ್ದು ಚಿತ್ರಗಳು. ಜೇಮ್ಸ್ ಫರ್ಗುಸನ್ ಎಂಬ ವಾಸ್ತುಶಿಲ್ಪ ಚರಿತ್ರೆಕಾರರು ಲೆಕ್ಕ ಹಾಕಿ ಕಲ್ಪಿಸಿದ ನಿಮ್ರುದ್ ಅರಮನೆಗಳ ಬಣ್ಣದ ಚಿತ್ರ 1853ರಲ್ಲಿ ಲೇಯಾರ್ಡ್ ಅವರ ಪುಸ್ತಕದಲ್ಲಿ ಅಚ್ಚಾಯಿತು. ನದಿ, ದೋಣಿ, ಮೇಲೆ ಸಾಲು ಅರಮನೆ. ಅಸ್ಸೀರಿಯಾ ಅಂದ ಕೂಡಲೇ ಯುರೋಪಿನವರ ಮನಸ್ಸಿಗೆ ಬಹಳ ಕಾಲ ಬರುತ್ತಿದ್ದುದು ಅದೇ ಚಿತ್ರ.

ಇದೇ ಫರ್ಗುಸನ್ ಮುಂದೆ ಆಂಧ್ರದ ಅಮರಾವತಿ ಸ್ತೂಪ ಮೂಲದಲ್ಲಿ ಹೇಗಿತ್ತು ಅಂತ ತೋರಿಸಲು ಹೊರಟರು. ಅಷ್ಟು ಹೊತ್ತಿಗೆ ಸ್ತೂಪ ಇದ್ದ ಜಾಗದಲ್ಲಿ ದೊಡ್ಡ ಗುಂಡಿ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಅವರ ಕೈ ಹಿಡಿದದ್ದು ಐವತ್ತು ವರ್ಷ ಹಿಂದೆ ಒಬ್ಬ ಇಂಜಿನಿಯರ್ ತನ್ನ ತಂಡದಿಂದ ಅಳತೆ ಮಾಡಿ ಬರೆಸಿಟ್ಟಿದ್ದ ಚಿತ್ರಗಳು. ಹಂಪಿಯ ಮೊದಲ ಸರ್ವೆ ನಕ್ಷೆ ಬರೆಸಿದ್ದೂ ಅದೇ ಇಂಜಿನಿಯರ್. ಹೆಸರು ಕಾಲಿನ್ ಮೆಕೆಂಜಿ. ಸಿವಿಲ್ ಬ್ರಾಂಚಿನವರಿಗೆ ಸರ್ವೇಯಿಂಗ್ ಪೇಪರ್ ಇದ್ದರೂ ಈ ಹೆಸರು ಸಿಲಬಸ್‌ನಲ್ಲಿ ಬರೋದಿಲ್ಲ. ಹಾಗಾಗಿ ಇಲ್ಲಿ ಬರೆಯಬೇಕಾಯ್ತು.

ಲಾಗರಿದಮ್‌ನಿಂದ ಶುರುವಾದ ದಾರಿ

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟೊರ್ನೊವೇ ಎಂಬ ಬಂದರೂರಿನಲ್ಲಿ. ಗಾಳಿ, ಮಳೆ, ಮೀನು, ಇವಿಷ್ಟೇ ಆ ಕಡೆಯ ಸಂಪತ್ತು. ಬೆಳೆದ ಮೇಲೆ ಅದೇ ಬಂದರಿನಲ್ಲಿ ಸುಂಕದ ಕಚೇರಿಯ ಕೆಲಸಕ್ಕೆ ಸೇರಿದರು. ಗಣಿತದಲ್ಲಿ ಆಸಕ್ತಿ ಚೆನ್ನಾಗಿತ್ತು.

ಆ ಆಸಕ್ತಿಯೇ ಅವರನ್ನು ಭಾರತದ ಕಡೆ ತಿರುಗಿಸಿತು ಅಂತ ಹೇಳುತ್ತಾರೆ. ನಾವು ಪಿಯುಸಿಯಲ್ಲಿ ಟೇಬಲ್ ಪುಸ್ತಕ ಹಿಡಿದು ಗುದ್ದಾಡುತ್ತಿದ್ದ ಲಾಗರಿದಮ್ ಇದೆಯಲ್ಲ, ಅದನ್ನು ಕಂಡುಹಿಡಿದವರು ಜಾನ್ ನೇಪಿಯರ್. ಅವರ ವಂಶದ ಫ್ರಾನ್ಸಿಸ್ ನೇಪಿಯರ್ ಎಂಬ ಜಮೀನ್ದಾರರು ತಮ್ಮ ಪೂರ್ವಜರ ಜೀವನ ಚರಿತ್ರೆ ಬರೆಯಲು ಹೊರಟಿದ್ದರು. ಹಿಂದೂಗಳಿಗೆ ಪ್ರಾಚೀನ ಕಾಲದಲ್ಲಿ ಗಣಿತ ಎಷ್ಟು ತಿಳಿದಿತ್ತು ಅನ್ನೋ ವಿಷಯ ಅವರಿಗೆ ಬೇಕಾಗಿತ್ತು. ಅದನ್ನು ಹುಡುಕುವ ಕೆಲಸದಲ್ಲಿ ಯುವಕ ಮೆಕೆಂಜಿಯೂ ಸೇರಿಕೊಂಡರು. ಪುಸ್ತಕ ಮುಗಿಯುವ ಮೊದಲೇ ನೇಪಿಯರ್ ತೀರಿಕೊಂಡರು. ಮೆಕೆಂಜಿಗೆ ಹತ್ತಿದ ಕುತೂಹಲ ಮಾತ್ರ ತೀರಲಿಲ್ಲ.

1783ರಲ್ಲಿ, ಹತ್ತಿರ ಹತ್ತಿರ ಮೂವತ್ತರ ವಯಸ್ಸಿನಲ್ಲಿ, ಅವರು ಈಸ್ಟ್ ಇಂಡಿಯಾ ಕಂಪನಿಯ ಕೆಡೆಟ್ ಆಗಿ ಮದ್ರಾಸಿಗೆ ಬಂದಿಳಿದರು. ಉಳಿದ ಕೆಡೆಟ್‌ಗಳೆಲ್ಲ ಮೀಸೆ ಚಿಗುರುವ ಹುಡುಗರು. ಅವರ ನಡುವೆ ಈ ಮನುಷ್ಯ ದೊಡ್ಡಣ್ಣ. ಮದುರೆಯಲ್ಲಿ ನೇಪಿಯರ್ ಅವರ ಮಗಳು ಹೆಸ್ಟರ್ ಗಂಡನ ಜೊತೆ ಇದ್ದರು. ಅಲ್ಲಿಗೆ ಹೋದಾಗ ಮೆಕೆಂಜಿಗೆ ಅಲ್ಲಿನ ಪಂಡಿತರ ಪರಿಚಯವಾಯಿತು. ಈ ನಾಡಿನ ಚರಿತ್ರೆ ಓಲೆಗರಿಯಲ್ಲಿ, ಶಾಸನದಲ್ಲಿ, ಜನರ ಬಾಯಲ್ಲಿ ಹರಡಿಕೊಂಡಿದೆ, ಅದನ್ನು ಕೂಡಿಹಾಕಬೇಕು ಅನ್ನೋ ಆಲೋಚನೆ ಮೊಳಕೆಯೊಡೆದದ್ದು ಅಲ್ಲಿ. ಸ್ವಂತ ಊರಿಗೆ ಅವರು ಮತ್ತೆ ಯಾವತ್ತೂ ಮರಳಲಿಲ್ಲ.

ಯುದ್ಧದ ನೌಕರಿ

ಆಲೋಚನೆ ಏನೇ ಇರಲಿ, ಸಂಬಳ ಕೊಡುತ್ತಿದ್ದದ್ದು ಕಂಪನಿ. ಕಾಲಾಳು ಪಡೆಯಿಂದ ಇಂಜಿನಿಯರ್ ವಿಭಾಗಕ್ಕೆ ವರ್ಗವಾದ ಮೆಕೆಂಜಿ ಕೋಟೆ ಮುತ್ತುವುದು, ರಸ್ತೆ ಹುಡುಕುವುದು, ಫಿರಂಗಿ ಎಲ್ಲಿ ಕೂರಿಸಬೇಕು ಅಂತ ನೋಡುವುದು, ಇಂಥ ಕೆಲಸಗಳಲ್ಲಿ ವರ್ಷಗಟ್ಟಲೆ ಕಳೆದರು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲೂ, ಟಿಪ್ಪು ಸುಲ್ತಾನ್ ಮಡಿದ 1799ರ ಕೊನೆಯ ಮುತ್ತಿಗೆಯಲ್ಲೂ ಅವರು ಇದ್ದರು. ನಡುವೆ ಗುಂಟೂರು, ನಿಜಾಮನ ಸೀಮೆಗಳ ಸರ್ವೆ ಮಾಡಿದರು, ಶ್ರೀಲಂಕಾಕ್ಕೂ ಹೋಗಿಬಂದರು.

ಇದನ್ನು ಮುಚ್ಚಿಟ್ಟು ಮೆಕೆಂಜಿಯನ್ನು ಹೊಗಳಿದರೆ ಅರ್ಧ ಕಥೆ ಹೇಳಿದ ಹಾಗೆ. ಅವರ ನಕ್ಷೆಗಳು ಮೊದಲಿಗೆ ಕಂಪನಿಯ ಕೈಗೆ ಸಿಕ್ಕ ಆಯುಧಗಳು. ಯಾವ ಕಣಿವೆಯಲ್ಲಿ ಸೈನ್ಯ ದಾಟಬಹುದು, ಯಾವ ಸೀಮೆಯಿಂದ ಎಷ್ಟು ಕಂದಾಯ ಎತ್ತಬಹುದು ಅನ್ನೋದಕ್ಕೇ ಕಂಪನಿ ದುಡ್ಡು ಖರ್ಚು ಮಾಡುತ್ತಿತ್ತು. ಗುಡಿಯ ಗೋಪುರ ಬರೆಯಿರಿ, ಊರಿನ ಹಳೇ ಕಥೆ ಬರೆದುಕೊಳ್ಳಿ ಅಂತ ಅದು ಕೇಳಿರಲಿಲ್ಲ. ಅದು ಮೆಕೆಂಜಿಯ ಸ್ವಂತ ಹುಚ್ಚು. ಎಷ್ಟೋ ಸಲ ಅದರ ಖರ್ಚೂ ಸ್ವಂತ ಜೇಬಿನದು.

ಮೈಸೂರು ಸರ್ವೆ

ಟಿಪ್ಪುವಿನ ನಂತರ ಮೈಸೂರು ಸೀಮೆಯನ್ನು ಅಳೆದು ಕೊಡುವ ಹೊಣೆ ಮೆಕೆಂಜಿಗೆ ಬಂತು. 1799ರ ಕೊನೆಯಿಂದ 1810ರವರೆಗೆ ನಡೆದ ಈ ಸರ್ವೆಯಲ್ಲಿ ಸುಮಾರು 40,000 ಚದರ ಮೈಲಿ, ಅಂದರೆ ಒಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಅಳತೆಗೆ ಬಂತು. ಇವತ್ತಿನ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು ಅಂದುಕೊಳ್ಳಿ. ಜಿಪಿಎಸ್ ಇಲ್ಲ, ಟೋಟಲ್ ಸ್ಟೇಷನ್ ಇಲ್ಲ, ಬೆಟ್ಟದ ಮೇಲೆ ಹತ್ತಲು ದಾರಿಯೂ ಇಲ್ಲ.

ವಿಧಾನ ನಮಗೆ ಗೊತ್ತಿರುವುದೇ. ಸಮತಟ್ಟಾದ ಜಾಗದಲ್ಲಿ ಒಂದು ಬೇಸ್‌ಲೈನನ್ನು ಸರಪಳಿ ಹಿಡಿದು ಬಹಳ ಜೋಪಾನವಾಗಿ ಅಳೆಯಬೇಕು. ಅದರ ಎರಡು ತುದಿಯಿಂದ ದೂರದ ಬೆಟ್ಟಕ್ಕೆ ಥಿಯೋಡೊಲೈಟ್‌ನಲ್ಲಿ ಕೋನ ಹಿಡಿಯಬೇಕು. ಒಂದು ಬಾಹು, ಎರಡು ಕೋನ ಗೊತ್ತಾದ ಮೇಲೆ ಸೈನ್ ರೂಲ್ ಹಾಕಿದರೆ ಉಳಿದೆರಡು ಬಾಹು ಸಿಕ್ಕವು. ಆ ಬಾಹುಗಳ ಮೇಲೆ ಮತ್ತೆರಡು ತ್ರಿಕೋನ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನದ ಬಲೆ ನೇಯ್ದು, ಒಳಗಿನ ಊರು, ಕೆರೆ, ಹಳ್ಳ, ದಾರಿಗಳನ್ನು ಪ್ಲೇನ್ ಟೇಬಲ್ ಇಟ್ಟು ತುಂಬಿಕೊಳ್ಳುವುದು. ಅದೇ ಕಾಲಕ್ಕೆ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ತಮ್ಮ ಬೇಸ್‌ಲೈನ್ ಅಳೆದರು. ಮುಂದೆ ಇಡೀ ಭಾರತವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಗೆ ಬುನಾದಿ ಹಾಕಿದವರು ಅವರೇ. ಲ್ಯಾಂಬ್ಟನ್‌ಗೆ ಭೂಮಿಯ ಆಕಾರದ ಚಿಂತೆ, ಮೆಕೆಂಜಿಗೆ ಭೂಮಿಯ ಮೇಲಿನ ಊರಿನ ಚಿಂತೆ.

ಮೆಕೆಂಜಿಯ ಕೈಕೆಳಗೆ ಕೆಲಸ ಮಾಡಿದ ಸರ್ವೆ ಹುಡುಗರಲ್ಲಿ ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತವರಿದ್ದರು. 1794ರಲ್ಲಿ ಎಂಟು ಹುಡುಗರಿಂದ ಶುರುವಾದ ಆ ಪುಟ್ಟ ಶಾಲೆಯೇ ಬೆಳೆದು ಇವತ್ತು ಗಿಂಡಿ ಇಂಜಿನಿಯರಿಂಗ್ ಕಾಲೇಜ್ ಆಗಿದೆ. ಅಂದರೆ ನಮ್ಮ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮೊದಲ ಬ್ಯಾಚುಗಳ ಸರ್ವೆ ಕ್ಯಾಂಪ್ ನಡೆದದ್ದು ಹೀಗೆ ಕಾಡು ಮೇಡುಗಳಲ್ಲಿ, ಜ್ವರದ ನಡುವೆ. ಜ್ವರಕ್ಕೆ ಮೆಕೆಂಜಿಯೂ ಬಿದ್ದರು, ಜೊತೆಯವರೂ ಬಿದ್ದರು. ಸಾಲದ್ದಕ್ಕೆ ಲಂಡನ್ನಿನ ಯಜಮಾನರು ಖರ್ಚು ಜಾಸ್ತಿಯಾಯ್ತು ಅಂತ ಸಿಬ್ಬಂದಿ, ಸಂಬಳ ಎರಡಕ್ಕೂ ಕತ್ತರಿ ಹಾಕಿದರು. ಆದರೂ ಕೆಲಸ ನಿಲ್ಲಲಿಲ್ಲ.

ಊರಿನ ಬಾಯಿ ತೆರೆಸಿದವರು

ಮೆಕೆಂಜಿಗೆ ನಮ್ಮ ಭಾಷೆಗಳು ಯಾವುವೂ ಬರುತ್ತಿರಲಿಲ್ಲ. ಕನ್ನಡ ಇಲ್ಲ, ತೆಲುಗು ಇಲ್ಲ, ಸಂಸ್ಕೃತ ಇಲ್ಲ. ಹಾಗಿರುವಾಗ ಶಾಸನ ಓದಿದ್ದು ಯಾರು? ಗೌಡರನ್ನು, ಶಾನುಭೋಗರನ್ನು, ಪೂಜಾರಿಗಳನ್ನು ಮಾತಾಡಿಸಿದ್ದು ಯಾರು?

ಏಲೂರಿನ ಕಾವಲಿ ವೆಂಕಟ ಬೋರಯ್ಯ 1796ರಲ್ಲಿ ಮೆಕೆಂಜಿಯ ಜೊತೆ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ನಮ್ಮ ವಯಸ್ಸೇ. ಅಪರಿಚಿತ ದಂಡಿನವರು ಅಳತೆಯ ಸರಪಳಿ ಹಿಡಿದು ಊರಿಗೆ ಬಂದರೆ ಕಂದಾಯ ಏರಿಸ್ತಾರೆ ಅಂತ ಜನ ಹೆದರುವ ಕಾಲ ಅದು. ಅವರ ನಂಬಿಕೆ ಗಳಿಸಿ, ಪೆಟ್ಟಿಗೆಯೊಳಗಿನ ಓಲೆಗರಿ ಹೊರಗೆ ತರಿಸಿ, ಗುಡಿಯ ಕಲ್ಲಿನ ಮೇಲಿನ ಅಕ್ಷರ ಕೂಡಿಸಿ ಓದುವ ಕೆಲಸವನ್ನು ಬೋರಯ್ಯ ಮಾಡಿದರು, ಬೇರೆಯವರಿಗೂ ಕಲಿಸಿದರು. 1803ರಲ್ಲಿ, ಇನ್ನೂ ಮೂವತ್ತು ತುಂಬದೆ, ತೀರಿಕೊಂಡರು. ಈ ದೇಶದ ಜ್ಞಾನದ ಬಾಗಿಲು ತನಗೆ ತೆರೆದದ್ದೇ ಬೋರಯ್ಯನಿಂದ ಅಂತ ಮೆಕೆಂಜಿ ಮುಂದೆ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ.

ಅಣ್ಣನ ಜಾಗಕ್ಕೆ ತಮ್ಮ ಕಾವಲಿ ವೆಂಕಟ ಲಕ್ಷ್ಮಯ್ಯ ಬಂದರು. ಹಳಗನ್ನಡದ ಶಾಸನಗಳಿಗೆ ಬೇರೊಬ್ಬರು ಬೇಕಾಗಿತ್ತು. ಆ ಕೊರತೆ ತುಂಬಿದ್ದು ಇವತ್ತಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಕಲ್ಲಿನ ಮೇಲಿನ ಹಳಗನ್ನಡವನ್ನು ಸಲೀಸಾಗಿ ಓದಬಲ್ಲವರು. ಜೈನರ ಬಗ್ಗೆ ಮೆಕೆಂಜಿ ಪ್ರಕಟಿಸಿದ ಬರಹಕ್ಕೆ ಆಧಾರವಾದದ್ದು ಧರ್ಮಯ್ಯನಂಥವರು ಕೊಟ್ಟ ತಿಳಿವಳಿಕೆ.

ಹೀಗೆ ಊರೂರಿನ ಶಾನುಭೋಗರು, ಪೂಜಾರಿಗಳು ಹೇಳಿದ ಸ್ಥಳೀಯ ಚರಿತ್ರೆಯನ್ನು ಬರೆದಿಟ್ಟ ಕಡತಗಳಿಗೆ ಕೈಫಿಯತ್ತು ಅಂತ ಹೆಸರು. ಊರು ಯಾರು ಕಟ್ಟಿದರು, ಕೆರೆ ಯಾವಾಗ ಕಟ್ಟಿದ್ದು, ಪಾಳೆಯಗಾರರ ವಂಶ ಯಾವುದು, ಎಲ್ಲ ಅದರಲ್ಲಿ ಬರುತ್ತೆ. ಕಥೆ ಇದೆ, ಪುರಾಣ ಇದೆ, ನಡುವೆ ಪಕ್ಕಾ ಚರಿತ್ರೆಯೂ ಇದೆ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿದೆ. ಲೈಬ್ರರಿಯಲ್ಲಿ ಸಿಕ್ಕರೆ ಒಮ್ಮೆ ತಿರುವಿ ಹಾಕಿ.

ಹಂಪಿಯ ಮೊದಲ ನಕ್ಷೆ

ಮೆಕೆಂಜಿ ಹಂಪಿಗೆ ಬಂದದ್ದು 1799–1800ರ ಸುಮಾರಿಗೆ. ತಾಳಿಕೋಟೆ ಯುದ್ಧ ಆಗಿದ್ದು 1565ರಲ್ಲಿ. ಅಷ್ಟು ಹೊತ್ತಿಗೆ ಊರು ಹಾಳು ಬಿದ್ದು 230 ವರ್ಷ ದಾಟಿತ್ತು. ಯಾವ ಕಟ್ಟಡ ಯಾವುದು ಅಂತ ಹೇಳಲು ಬೋರ್ಡ್ ಇಲ್ಲ, ಗೈಡ್ ಇಲ್ಲ. ಮೊದಮೊದಲ ಮಾಹಿತಿ ಸಿಕ್ಕಿದ್ದು ವಿರೂಪಾಕ್ಷ ಮತ್ತು ಪಂಪಾದೇವಿ ಗುಡಿಗಳ ಅರ್ಚಕರ ನೆನಪಿನಿಂದ. ಅವರು ಹೇಳಿದ್ದನ್ನು ಕೇಳಿಕೊಂಡು, ಜಾಗವನ್ನು ಅಳೆದು, ಮೆಕೆಂಜಿಯ ತಂಡ ಜಲವರ್ಣದಲ್ಲಿ ಹಂಪಿಯ ನಕ್ಷೆ ಬರೆಯಿತು. ಆ ಪಾಳು ನಗರದ ಮೊದಲ ಸರ್ವೆ ನಕ್ಷೆ ಅದು.

ಇದರ ಬೆಲೆ ಸಿವಿಲ್‌ನವರಿಗೆ ಬೇಗ ಅರ್ಥ ಆಗುತ್ತೆ. ಸುಂದರವಾದ ಚಿತ್ರ ಬರೆಯುವವರು ಆಗಲೂ ಇದ್ದರು. ಇಂಗ್ಲೆಂಡಿನಿಂದ ಬಂದ ಕಲಾವಿದರು ಮುರಿದ ಗೋಪುರ, ಮೇಲೊಂದು ಅರಳಿಮರ, ಪಕ್ಕದಲ್ಲಿ ಮಲಗಿದ ಎಮ್ಮೆ, ಸಂಜೆಯ ಬೆಳಕು, ಇಂಥವನ್ನು ಇಷ್ಟಪಟ್ಟು ಬರೆಯುತ್ತಿದ್ದರು. ನೋಡಲು ಚೆಂದ. ಆದರೆ ಅದನ್ನು ಹಿಡಿದುಕೊಂಡು ಬಿದ್ದ ಗೋಪುರವನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳಲಾಗದು. ಸ್ಕೇಲ್ ಇರುವ ಪ್ಲಾನ್‌ನಲ್ಲಿ ಒಂದು ಗೋಡೆಗೂ ಇನ್ನೊಂದು ಗೋಡೆಗೂ ಇರುವ ಸಂಬಂಧ ಉಳಿಯುತ್ತೆ. ಕಟ್ಟಡ ಬಿದ್ದರೂ ಸಂಬಂಧ ಬೀಳೋದಿಲ್ಲ. ಮ್ಯೂಸಿಯಂನಲ್ಲಿ ಕಲ್ಲಿನ ಮುಂದೆ ನಿಂತವರ ತಲೆಯಲ್ಲಿ ಊರು ಎದ್ದು ನಿಲ್ಲಬೇಕಾದರೆ ಬೇಕಾದದ್ದು ಅದೇ. ಮೆಕೆಂಜಿಯ ನಂತರ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಕ್ಯಾಮೆರಾ ಹೊತ್ತುಕೊಂಡು ಹಂಪಿಗೆ ಬಂದರು. ಆಮೇಲೆ ಬಂದ ಸಂಶೋಧಕರೆಲ್ಲ ಒಬ್ಬರ ದಾಖಲೆಯ ಮೇಲೆ ಇನ್ನೊಬ್ಬರು ಕೆಲಸ ಮಾಡುತ್ತಾ ಹೋದರು. ಆ ಸಾಲಿನ ಮೊದಲ ಗುರುತುಕಲ್ಲು ಈ ಜಲವರ್ಣದ ನಕ್ಷೆ.

ಅಮರಾವತಿ: ಕಣ್ಣೆದುರೇ ಕರಗಿದ ಸ್ತೂಪ

ಹಂಪಿಯ ಕಲ್ಲುಗಳು ಅಲ್ಲೇ ಉಳಿದವು. ಅಮರಾವತಿಯಲ್ಲಿ ಹಾಗಾಗಲಿಲ್ಲ. ಕೃಷ್ಣಾ ನದಿಯ ದಡದಲ್ಲಿ ಸಾತವಾಹನರ ಕಾಲದ ದೊಡ್ಡ ಬೌದ್ಧ ಸ್ತೂಪ ಮಣ್ಣಿನ ದಿಬ್ಬವಾಗಿ ಮಲಗಿತ್ತು. 1790ರ ದಶಕದಲ್ಲಿ ಅಲ್ಲಿನ ಜಮೀನ್ದಾರರು ಅಮರಾವತಿಯಲ್ಲಿ ಹೊಸ ಪೇಟೆ ಕಟ್ಟಿಸಲು ಹೊರಟಾಗ ಇಟ್ಟಿಗೆ, ಕಲ್ಲಿಗಾಗಿ ಜನ ದಿಬ್ಬ ಅಗೆದರು. ಒಳಗಿಂದ ಹೊಳೆಯುವ ಸುಣ್ಣಕಲ್ಲಿನ ಕೆತ್ತನೆಗಳು ಹೊರಬಂದವು. ಕೆಲವು ಮೆಟ್ಟಿಲಾದವು, ಕೆಲವು ಗೋಡೆಯಾದವು, ಎಷ್ಟೋ ಕಲ್ಲುಗಳನ್ನು ಸುಟ್ಟು ಸುಣ್ಣ ಮಾಡಿದರು.

ಸುದ್ದಿ ಕೇಳಿ ಮೆಕೆಂಜಿ 1798ರಲ್ಲಿ ಅಲ್ಲಿಗೆ ಹೋಗಿ ನೋಡಿದರು. ಸಮಯ ಹೆಚ್ಚಿರಲಿಲ್ಲ. ಮತ್ತೆ ಹೋಗಲು ಸಾಧ್ಯವಾದದ್ದು 1816ರಲ್ಲಿ. ಅಷ್ಟರಲ್ಲಿ ದಿಬ್ಬದ ನಡುಭಾಗವನ್ನು ಕೆರೆಯ ಹಾಗೆ ತೋಡಿಯಾಗಿತ್ತು. ಹದಿನೆಂಟು ವರ್ಷದಲ್ಲಿ ಏನು ಹೋಯಿತು ಅನ್ನೋದಕ್ಕೆ ಲೆಕ್ಕ ಇಲ್ಲ. ಉಳಿದಿದ್ದನ್ನಾದರೂ ಹಿಡಿದಿಡೋಣ ಅಂತ ಅವರು ಚಿತ್ರಗಾರರನ್ನು ಅಲ್ಲಿ ಕೂರಿಸಿದರು. ದಿಬ್ಬದ ಪ್ಲಾನ್ ಬರೆಸಿದರು. ಒಂದೊಂದು ಕಲ್ಲಿನ ಕೆತ್ತನೆಯನ್ನೂ ಕಾಗದಕ್ಕೆ ಇಳಿಸಿದರು. ಆನೆಯ ಕಾಲು, ಹೆಂಗಸಿನ ಬಳೆ, ಚಕ್ರದ ಅರಗಳು, ಒಡೆದ ಕಲ್ಲಿನ ಒಡಕು ಕೂಡ ಇದ್ದ ಹಾಗೇ ಬಂತು. ಕೆಲವು ಹಾಳೆಗಳ ಮೇಲೆ ಬರೆದವರ ಹೆಸರು, ತಾರೀಕು ಸಹ ಇದೆ.

ಮುಂದೆ ಆ ಕಲ್ಲುಗಳಲ್ಲಿ ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ, ಕೆಲವು ಚೆನ್ನೈನ ಎಗ್ಮೋರ್ ಮ್ಯೂಸಿಯಂಗೆ, ಕೆಲವು ಕೋಲ್ಕತ್ತಕ್ಕೆ ಹೋದವು. ಎಷ್ಟೋ ಕಲ್ಲುಗಳು ಮತ್ತೆ ಯಾರಿಗೂ ಸಿಗಲಿಲ್ಲ. ಅವು ಇವತ್ತು ಬದುಕಿರುವುದು ಆ ಹಾಳೆಗಳ ಮೇಲೆ ಮಾತ್ರ. ಸ್ತೂಪ ಎಷ್ಟು ದೊಡ್ಡದಿತ್ತು, ಸುತ್ತ ಕಟಕಟೆ ಹೇಗೆ ಹರಿದಿತ್ತು, ಬಾಗಿಲು ಯಾವ ದಿಕ್ಕಿಗೆ ಅಂತ ತಿಳಿಯಲು ಫರ್ಗುಸನ್‌ರಿಂದ ಹಿಡಿದು ಇವತ್ತಿನವರೆಗೆ ಎಲ್ಲರೂ ಮೆಕೆಂಜಿಯ ಪ್ಲಾನ್ ಕಡೆ ನೋಡಲೇಬೇಕು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲೂ ಅದೇ ಬಗೆಯ ಸ್ತೂಪ ಇತ್ತು. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆಯುವವರೆಗೆ ಅದು ಮಣ್ಣಿನಡಿ ಇದ್ದದ್ದೇ ಪುಣ್ಯ. ಅಮರಾವತಿಗೆ ಆ ಅದೃಷ್ಟ ಇರಲಿಲ್ಲ, ಪೆನ್ಸಿಲ್ ಹಿಡಿದವರು ಇದ್ದರು.

ಜಾವಾ, ಕಲ್ಕತ್ತ, ಹೂಗ್ಲಿ

1810ರಲ್ಲಿ ಮೆಕೆಂಜಿ ಮದ್ರಾಸಿನ ಸರ್ವೇಯರ್ ಜನರಲ್ ಆದರು. ಮರುವರ್ಷ ಕಂಪನಿ ಜಾವಾ ದ್ವೀಪದ ಮೇಲೆ ದಂಡು ಕಳಿಸಿದಾಗ ಅವರೂ ಹೋದರು. ಅಲ್ಲಿ ಪ್ರಂಬಾನನ್ ಗುಡಿಗಳ ಅವಶೇಷ ಕಂಡು, ಇಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದರು: ಅಳೆ, ಬರೆ, ಕೇಳು, ಕೂಡಿಡು. 1812ರಲ್ಲಿ, ಐವತ್ತೆಂಟರ ಆಸುಪಾಸಿನಲ್ಲಿ, ಅಲ್ಲೇ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಅವರನ್ನು ಮದುವೆಯಾದರು.

1815ರಲ್ಲಿ ಅವರನ್ನು ಇಡೀ ಭಾರತದ ಸರ್ವೇಯರ್ ಜನರಲ್ ಮಾಡಿದರು. ಆ ಹುದ್ದೆಗೆ ಮೊದಲಿಗರು ಅವರೇ. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರರು ಅವರ ಭಾವಚಿತ್ರ ಬರೆದರು. ಕೆಂಪು ಸಮವಸ್ತ್ರದ ಮುದುಕ ಮೆಕೆಂಜಿ. ಸುತ್ತ ಮೂವರು ಭಾರತೀಯ ಸಹಾಯಕರು. ಒಬ್ಬರ ಕೈಯಲ್ಲಿ ದೂರದರ್ಶಕ, ಒಬ್ಬರ ಕೈಯಲ್ಲಿ ಓಲೆಗರಿ. ಹಿಂದೆ ದೂರದ ಬೆಟ್ಟದ ಮೇಲೆ ಗೊಮ್ಮಟ. ದೊಡ್ಡ ಸಾಹೇಬರ ಭಾವಚಿತ್ರದಲ್ಲಿ ಪಂಡಿತರು, ಸರ್ವೆಯವರು ಪಕ್ಕಕ್ಕೇ ನಿಂತಿರುವುದು ಆ ಕಾಲಕ್ಕೆ ಅಪರೂಪ.

1817ರಲ್ಲಿ ಪೆಟ್ಟಿಗೆಗಟ್ಟಲೆ ಸಂಗ್ರಹದ ಜೊತೆ ಕಲ್ಕತ್ತಕ್ಕೆ ಹೋದರು. ಲಕ್ಷ್ಮಯ್ಯ ಮುಂತಾದವರೂ ಜೊತೆಗೆ ಹೋದರು. ಕೂಡಿಟ್ಟಿದ್ದನ್ನೆಲ್ಲ ವಿಂಗಡಿಸಿ, ಪಟ್ಟಿ ಮಾಡಿ, ಪುಸ್ತಕ ಬರೆಯಬೇಕು ಅನ್ನೋದು ಆಸೆ. ಕಚೇರಿ ಕೆಲಸ, ಅನಾರೋಗ್ಯ ಎರಡೂ ಬಿಡಲಿಲ್ಲ. 1821ರ ಮೇ 8ರಂದು ಹೂಗ್ಲಿ ನದಿಯ ದೋಣಿಯಲ್ಲಿ ಅವರು ತೀರಿಕೊಂಡರು. ಕಲ್ಕತ್ತದ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಪುಸ್ತಕ ಬರೆಯದೇ ಉಳಿಯಿತು.

ಪೆಟ್ಟಿಗೆ ತೆರೆದಾಗ

ಹೆಂಡತಿಯಿಂದ ಆ ಸಂಗ್ರಹವನ್ನು ಕಂಪನಿ 10,000 ಪೌಂಡಿಗೆ ಕೊಂಡುಕೊಂಡಿತು. ಹೊರೇಸ್ ಹೇಮನ್ ವಿಲ್ಸನ್ 1828ರಲ್ಲಿ ಅದರ ಕ್ಯಾಟಲಾಗ್ ಪ್ರಕಟಿಸಿದಾಗ ಒಳಗೆ ಇದ್ದದ್ದೇನು ಅಂತ ಗೊತ್ತಾಯಿತು: 1,568 ಗ್ರಂಥಗಳ ಹಸ್ತಪ್ರತಿ, 2,070 ಸ್ಥಳೀಯ ಕಡತಗಳು, 8,076 ಶಾಸನಗಳ ಪ್ರತಿ, 2,630 ಚಿತ್ರಗಳು, 79 ಪ್ಲಾನ್‌ಗಳು, 6,218 ನಾಣ್ಯಗಳು. ಒಬ್ಬ ಮನುಷ್ಯನ ಹೆಸರಿನಲ್ಲಿರುವ ಈ ರಾಶಿ ನಿಜಕ್ಕೂ ನೂರಾರು ಜನರ ಬೆವರು. ಇವತ್ತು ಅದರ ಒಂದು ಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇನ್ನೊಂದು ಪಾಲು ಚೆನ್ನೈನ ಹಸ್ತಪ್ರತಿ ಗ್ರಂಥಾಲಯದಲ್ಲಿ ಇದೆ.

ಉಳಿದ ಕೆಲಸವನ್ನು ಮುಂದುವರಿಸಲು ಯಾರು ಯೋಗ್ಯರು? ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರಲ್ಲೇ ಬೆಳೆದ ಲಕ್ಷ್ಮಯ್ಯ ತಾನು ಮಾಡುತ್ತೇನೆ ಅಂತ ಮುಂದೆ ಬಂದರು. 1830ರ ದಶಕದಲ್ಲಿ ಅವರ ಅರ್ಜಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಮುಂದೆ ಹೋಯಿತು. ಅಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರ ಅಭಿಪ್ರಾಯ ಬಂತು: ಇಂಥ ದೊಡ್ಡ ಕೆಲಸದ ಮುಂದಾಳತ್ವಕ್ಕೆ ಇವರ ಯೋಗ್ಯತೆ ಸಾಲದು. ಬ್ರಾಹ್ಮಿ ಲಿಪಿಯನ್ನು ಓದಿ ಅಶೋಕನನ್ನು ನಮಗೆ ಮರಳಿ ಕೊಟ್ಟ ಪ್ರಿನ್ಸೆಪ್ ಇವರೇ. ಆದರೆ ಮಾಹಿತಿ ತರುವವರು ನೀವು, ಅರ್ಥ ಹೇಳುವವರು ನಾವು ಅನ್ನೋ ಗೆರೆಯನ್ನು ದಾಟಲು ಅವರಿಗೂ ಆಗಲಿಲ್ಲ. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು. ಹಿಕಿಯ ಚಿತ್ರದಲ್ಲಿ ಮೆಕೆಂಜಿಯ ಪಕ್ಕದಲ್ಲಿ ಸಿಕ್ಕಿದ ಜಾಗ ಕಂಪನಿಯ ಕಡತದಲ್ಲಿ ಸಿಗಲಿಲ್ಲ.

ನಮ್ಮ ಹೊಳಲಿನ ಕಡೆ

ಈ ಕಥೆಗೂ ನಮ್ಮ ಹಡಗಲಿ, ಹರಪನಹಳ್ಳಿ ಸೀಮೆಗೂ ಏನು ಸಂಬಂಧ ಅಂದರೆ, ಇದೆ. ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂತು. ಹೀಗೆ ಬಂದ ಜಿಲ್ಲೆಗಳ ಸರ್ವೆ 1809ರಿಂದ 1815ರವರೆಗೆ ನಡೆದದ್ದು ಮೆಕೆಂಜಿಯ ಮೇಲ್ವಿಚಾರಣೆಯಲ್ಲಿ, ಮೈಸೂರು ಸರ್ವೆಯಲ್ಲಿ ಪಳಗಿದ ಹುಡುಗರ ಕೈಯಿಂದ. ಅವರು ಹಾಕಿಕೊಟ್ಟ ದಾರಿಯಲ್ಲೇ ಮುಂದೆ ಅಲೆಕ್ಸಾಂಡರ್ ರೀ ಬಂದರು. ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳದ ಚಾಲುಕ್ಯ ಗುಡಿಗಳನ್ನು ಅಳೆದು, ಪ್ಲಾನ್, ಎಲಿವೇಶನ್, ಕೆತ್ತನೆಯ ವಿವರ ಎಲ್ಲ ಬರೆಸಿ 1896ರಲ್ಲಿ ಪುಸ್ತಕ ಮಾಡಿದರು. ಕುರುವತ್ತಿಯ ಮದನಿಕೆಯರನ್ನು ನೋಡಿ ಬೆರಗಾಗುವ ನಾವು, ಆ ಗುಡಿಯ ಅಳತೆಯ ಚಿತ್ರ ಅಷ್ಟು ಹಿಂದೆಯೇ ಆಗಿದೆ ಅನ್ನೋದನ್ನು ಕೇಳಿರೋದಿಲ್ಲ.

ಹೊಳಲಿನ ಅನಂತಶಯನನ ವಿಷಯ ನಮ್ಮ ಕಡೆಯವರಿಗೆಲ್ಲ ಗೊತ್ತು. ಹೊಸಪೇಟೆ ಪಕ್ಕದ ಅನಂತಶಯನಗುಡಿಯಲ್ಲಿ ಕೃಷ್ಣದೇವರಾಯ 1524ರಲ್ಲಿ, ಮಗ ತಿರುಮಲನ ಹೆಸರಿನಲ್ಲಿ ಪೇಟೆ ಕಟ್ಟಿಸಿ ಭಾರಿ ಗುಡಿ ಎಬ್ಬಿಸಿದ. ಅಲ್ಲಿ ಗರ್ಭಗುಡಿ ಇದೆ, ಉದ್ದನೆಯ ಪೀಠ ಇದೆ, ಮಲಗಬೇಕಾದ ದೇವರು ಇಲ್ಲ. ಇಲ್ಲಿ ಹೊಳಲಿನಲ್ಲಿ ಶೇಷನ ಮೇಲೆ ಮಲಗಿದ ದೇವರಿದ್ದಾನೆ. ಆ ಗುಡಿಗೆಂದೇ ಆದ ಮೂರ್ತಿ ಹೊಳಲು ಬಿಟ್ಟು ಹೊರಡಲಿಲ್ಲ ಅಂತ ಹಿರಿಯರು ಹೇಳುವ ಕಥೆ.

ಕಥೆ ನಿಜವೋ ಅಲ್ಲವೋ ಅನ್ನುವ ವಾದಕ್ಕೆ ಮೊದಲು ಮೆಕೆಂಜಿಯ ತಂಡ ಆಗಿದ್ದರೆ ಎರಡು ಕೆಲಸ ಮಾಡುತ್ತಿತ್ತು. ಬೋರಯ್ಯನೋ ಧರ್ಮಯ್ಯನೋ ಕಟ್ಟೆಯ ಮೇಲೆ ಕೂತು, ಹಿರಿಯರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದರು. ಸರ್ವೆ ಹುಡುಗರು ಅಲ್ಲಿನ ಪೀಠ, ಇಲ್ಲಿನ ಮೂರ್ತಿ ಎರಡನ್ನೂ ಅಳೆದು ಒಂದೇ ಸ್ಕೇಲಿನಲ್ಲಿ, ಒಂದೇ ಹಾಳೆಯ ಮೇಲೆ ಪಕ್ಕಪಕ್ಕ ಬರೆಯುತ್ತಿದ್ದರು. ನೋಡುವವರು ತಾವೇ ಹೊಂದಿಸಿಕೊಳ್ಳಲಿ ಅಂತ. ಕೈಫಿಯತ್ತು ಮತ್ತು ಪ್ಲಾನ್ ಎರಡೂ ಒಟ್ಟಿಗೆ ಇದ್ದದ್ದೇ ಅವರ ಸರ್ವೆಯ ದೊಡ್ಡತನ.

ನಮ್ಮ ಕೈಯಲ್ಲಿ ಈಗ ಲೇಸರ್ ಟೇಪ್ ಇದೆ, ಡ್ರೋನ್ ಇದೆ, ಮೊಬೈಲಿನಲ್ಲೇ ತ್ರೀಡಿ ಮಾಡೆಲ್ ಆಗುತ್ತೆ. ಊರಿಗೆ ರಜೆಗೆ ಹೋದಾಗ ಗುಡಿ, ವೀರಗಲ್ಲು, ಹಳೇ ಬಾವಿ, ಕೆರೆಯ ತೂಬು, ಯಾವುದಾದರೂ ಒಂದನ್ನು ಹಿಡಿದು ಅಳತೆಯ ಚಿತ್ರ ಮಾಡಿಡಬಹುದು. ಉತ್ತರ ದಿಕ್ಕು ಗುರುತು ಮಾಡಿ, ಸ್ಕೇಲ್ ಹಾಕಿ, ತಾರೀಕು ಬರೆಯಿರಿ. ಅದರ ಬಗ್ಗೆ ಅಜ್ಜ ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಕೆಳಗೆ ಸೇರಿಸಿ. ಕೊನೆಗೆ ಅಳೆದವರು, ಬರೆದವರು, ಟೇಪಿನ ಇನ್ನೊಂದು ತುದಿ ಹಿಡಿದವರು, ಕಥೆ ಹೇಳಿದವರು, ಎಲ್ಲರ ಹೆಸರನ್ನೂ ತಪ್ಪದೆ ಹಾಕಿ. ಲಕ್ಷ್ಮಯ್ಯನವರಿಗೆ ಆದದ್ದು ನಮ್ಮ ಹಾಳೆಯಲ್ಲಾದರೂ ಯಾರಿಗೂ ಆಗಬಾರದು.